ಬಾಲವಾಡಿಯಲ್ಲಿ ಎಳೆದ ರಂಪಣಿ

ನಾನು ಚಿಕ್ಕವನಿದ್ದಾಗ ನಮ್ಮ ಕೇರಿಯಲ್ಲೆಲ್ಲ ಮೂಗನೆಂದೇ ಹೆಸರಾಗಿದ್ದೆ. ಈಗ ನನ್ನ ಬಾಯಿ ಮುಚ್ಚಿಸಲು ನಿಮ್ಮ ಅಜ್ಜಿ ಪಡುವ ಪಾಡನ್ನು ದಿನಾ ನೋಡುವ ನೀವು ಇದನ್ನು ನಂಬಲಿಕ್ಕಿಲ್ಲ. ಆದರೂ ನಿಜ. ಮನೆಯೊಳಗೆ ಅರಳು ಹುರಿದ ಹಾಗೆ ಮಾತಾಡುತ್ತಿದ್ದೆ. ಹೊಸ್ತಿಲು ದಾಟಿದರೆ ಸಾಕು, ತುಟಿ ಬಿಗಿದುಕೊಳ್ಳುತ್ತಿತ್ತು. ಯಾಕೆ ಎಂದು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ.

ನಮ್ಮ ಮನೆ ಮಂಕಿಯ ಕಡಲ ದಂಡೆಯಲ್ಲಿತ್ತು. ಅಪ್ಪ ರಂಪಣಿಗೆ ಹೋಗುತ್ತಿದ್ದ. ರಂಪಣಿ ಎಂದರೆ ಊರಗಲದ ಬಲೆ. ದೋಣಿಯಲ್ಲಿ ಅದನ್ನು ಒಯ್ದು ಕಡಲಿನಲ್ಲಿ ಅರ್ಧಚಂದ್ರದ ಆಕಾರಕ್ಕೆ ಬಿಟ್ಟು ಬರುತ್ತಿದ್ದರು. ಆಮೇಲೆ ಅದರ ಎರಡು ತುದಿಯ ಹಗ್ಗ ಹಿಡಿದು ದಂಡೆಯಲ್ಲಿದ್ದವರೆಲ್ಲ ಎಳೆಯಬೇಕು. ಮೀನು ಮರಳಿಗೆ ಬಿದ್ದ ಮೇಲೆ ಪಾಲು ಹಾಕುತ್ತಿದ್ದರು. ದೋಣಿಗೆ, ಬಲೆಗೆ, ಅನಂತರ ಹಗ್ಗಕ್ಕೆ ಕೈ ಹಚ್ಚಿದ ಪ್ರತಿಯೊಬ್ಬರಿಗೂ. ದಾರಿಯಲ್ಲಿ ಹೋಗುತ್ತಿದ್ದ ಬೇರೆ ಊರಿನವನು ಕಡೆಯ ಗಳಿಗೆಯಲ್ಲಿ ಓಡಿಬಂದು ಒಂದೇ ಸಲ ಜಗ್ಗಿದ್ದರೂ ಅವನ ಪಾಲು ತಪ್ಪಿಸುವ ಹಾಗಿರಲಿಲ್ಲ. ಒಬ್ಬರದು ತಪ್ಪಿತೆಂದು ಗೊತ್ತಾದರೆ ಹಂಚಿದ್ದನ್ನೆಲ್ಲ ಮತ್ತೆ ರಾಶಿಗೆ ಸುರಿದು ಮೊದಲಿನಿಂದ ಹಂಚುತ್ತಿದ್ದರು. ಇದನ್ನು ಯಾರೂ ನಮಗೆ ಕಲಿಸಲಿಲ್ಲ. ತೆವಳುವ ವಯಸ್ಸಿನಿಂದ ನೋಡಿಕೊಂಡು ಬಂದಿದ್ದೆವು.

ಆಯಿ, ಅಂದರೆ ನನ್ನ ತಾಯಿ, ಬೆಳಗಾಗುತ್ತಲೇ ಮೀನಿನ ಬುಟ್ಟಿ ಹೊತ್ತು ಮಾರಲು ಹೋಗುತ್ತಿದ್ದಳು. ಹಾಗಾಗಿ ನನ್ನನ್ನು ನೋಡಿಕೊಳ್ಳುವ ಕೆಲಸ ಅಕ್ಕನ ತಲೆಗೆ ಬಿತ್ತು. ಅವಳಿಗೆ ಎಂಟು ವರ್ಷ, ನನಗೆ ನಾಲ್ಕು. ಅವಳ ಓರಗೆಯ ಹುಡುಗಿಯರು ಶಾಲೆಗೆ ಹೋಗತೊಡಗಿ ಆಗಲೇ ಎರಡು ವರ್ಷವಾಗಿತ್ತು. ಅವರು ಹೋಗುವ ಹೊತ್ತಿಗೆ ಅಕ್ಕ ನನ್ನನ್ನು ಸೊಂಟಕ್ಕೇರಿಸಿಕೊಂಡು ಬೇಲಿಯ ಹತ್ತಿರ ನಿಂತು ನೋಡುತ್ತಿದ್ದಳು. ನಾನು ಅವಳ ಜಡೆ ಎಳೆಯುತ್ತಿದ್ದೆ.

ಆ ವರ್ಷ ನಮ್ಮ ಕೇರಿಯಲ್ಲಿ ಬಾಲವಾಡಿ ಶುರುವಾಯಿತು. ನಾನು ಅಲ್ಲಿ ಕೂತರೆ ಅಕ್ಕ ಶಾಲೆಗೆ ಹೋಗಬಹುದು ಎಂದು ಆಯಿಗೆ ಹೊಳೆಯಿತು. ಶಾಲೆಯ ದೊಡ್ಡ ಮಾಸ್ತರರನ್ನು ಹೋಗಿ ಕೇಳಿದಳು. ಅವರು ಒಪ್ಪಿದರು, ಆದರೆ ತಿಂಗಳು ಮುಗಿಯುವುದರೊಳಗೆ ಕಳಿಸಬೇಕು ಎಂದರು. ಅಪ್ಪ ಮಾತ್ರ, ಹೋದರೆ ಈ ವರ್ಷ ಹೋಗಲಿ, ಒಂಬತ್ತು ತುಂಬಿದ ಹುಡುಗಿಯನ್ನು ಒಂದನೇ ಇಯತ್ತೆಯಲ್ಲಿ ಕೂರಿಸಿ ನಗೆಪಾಟಲು ಮಾಡುವುದಿಲ್ಲ ಎಂದುಬಿಟ್ಟಿದ್ದ. ಅಪ್ಪ ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಬಾಲವಾಡಿಯ ಶಿಕ್ಷಕಿಯನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ಅವರು ಘಟ್ಟದ ಬುಡದ ಊರಿನವರು, ಮೀನು ತಿನ್ನುವವರಲ್ಲ. ಮೊದಲ ವಾರವಿಡೀ ಮೂಗಿಗೆ ಸೆರಗು ಹಿಡಿದೇ ಹಾಡು ಹೇಳಿಕೊಟ್ಟರು. ಅವರ ಮನೆಯ ಕನ್ನಡವೇ ಒಂದು ಬಗೆ, ನಮ್ಮ ಮನೆಮಾತು ಕೊಂಕಣಿ. ಗೋಡೆಗೆ ಆನೆ, ಸಿಂಹ, ರೈಲುಗಾಡಿಯ ಪಟ ತೂಗುಹಾಕಿ, ಕೋಲಿನಿಂದ ತೋರಿಸಿ, ಇದೆಂತ ಎಂದು ಕೇಳುತ್ತಿದ್ದರು. ನಮ್ಮಲ್ಲಿ ರೈಲು ಕಂಡವರು ಯಾರಿದ್ದರು? ಉಳಿದ ಮಕ್ಕಳು ಬಾಯಿಗೆ ಬಂದದ್ದನ್ನು ಕೂಗುತ್ತಿದ್ದರು. ನನ್ನಿಂದ ಅದೂ ಇಲ್ಲ. ಬಾಯಾರಿದರೂ ಹೇಳುತ್ತಿರಲಿಲ್ಲ, ಹೊರಗೆ ಹೋಗಬೇಕಾದರೂ ಹೇಳುತ್ತಿರಲಿಲ್ಲ. ಆಮೇಲೆ ಚಾಪೆ ತೊಳೆಯುವ ಕೆಲಸ ಅಕ್ಕೋರಿಗೆ.

ಅವರು ಕೆಟ್ಟವರಲ್ಲ. ಇಪ್ಪತ್ತು ಮಕ್ಕಳಿಗೆ ಅವರೊಬ್ಬರೇ. ಒಂದು ಸಂಜೆ ಆಯಿಯನ್ನು ಕರೆಸಿ, ಬಾಯಿ ಬಿಡದ ಮಗುವನ್ನು ಒಬ್ಬಳೇ ಹೇಗೆ ಸುಧಾರಿಸಲಿ ಎಂದರು. ಎಂಟು ದಿನ ಅಕ್ಕ ಬಂದು ಹೊರಗೆ ಕೂತಿರಲಿ, ಅಷ್ಟರೊಳಗೆ ಯಾವ ಭಾಷೆಯಲ್ಲಾದರೂ ತನ್ನ ಬೇಕು ಬೇಡ ಹೇಳಿದರೆ ಇಟ್ಟುಕೊಳ್ಳುತ್ತೇನೆ, ಇಲ್ಲವಾದರೆ ಬರುವ ವರ್ಷ ಕರೆತನ್ನಿ ಎಂದರು. ಬರುವ ವರ್ಷವೆಂದರೆ ಅಕ್ಕನಿಗೆ ಶಾಲೆ ಇಲ್ಲವೆಂದೇ ಅರ್ಥ.

ಅಕ್ಕ ದಿನಾ ಬಂದು ಅಂಗಳದ ಹೊನ್ನೆ ಮರದ ಕೆಳಗೆ ಕೂತಳು. ಕಿಟಕಿಯಿಂದ ಕೇಳಿಸಿದ್ದನ್ನೆಲ್ಲ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಮನೆಗೆ ಬರುವಾಗ ದಾರಿಯುದ್ದಕ್ಕೂ, ನಾಳೆ ಒಂದೇ ಒಂದು ಮಾತಾಡು ಎಂದು ಗೋಗರೆಯುತ್ತಿದ್ದಳು. ಬೆಲ್ಲ ಕೊಟ್ಟಳು. ಚಿವುಟಿದಳು. ಒಂದು ದಿನ ಮರಳಿನಲ್ಲಿ ಕೂತು ಅತ್ತೇಬಿಟ್ಟಳು. ನಾನು ಬೆಲ್ಲ ತಿಂದೆ, ಚಿವುಟಿದ್ದಕ್ಕೆ ಕೂಗಿದೆ, ಮಾತು ಮಾತ್ರ ಆಡಲಿಲ್ಲ. ಅಕ್ಕ ಮರದ ಕೆಳಗಿದ್ದಾಳೆ ಎನ್ನುವುದಷ್ಟೇ ನನಗೆ ಬೇಕಾದದ್ದು. ಅವಳ ಶಾಲೆ ನನ್ನ ನಾಲಿಗೆಯ ಮೇಲಿದೆ ಎಂದು ನಾಲ್ಕು ವರ್ಷದವನಿಗೆ ಹೇಗೆ ತಿಳಿಯಬೇಕು?

ಎಂಟನೆಯ ದಿನ ಅಕ್ಕೋರು ಬಾವಿಗೆಂದು ಹೊಸ ನಾರಿನ ಹಗ್ಗ ತರಿಸಿದ್ದರು. ಜಗಲಿಯ ಮೇಲೆ ಅದು ಸುರುಳಿಯಾಗಿ ಬಿದ್ದಿತ್ತು. ಕಡಲ ಮಕ್ಕಳ ಮುಂದೆ ಹಗ್ಗ ಇಟ್ಟು ಒಳಗೆ ಹೋಗಿ ಉಪ್ಪಿಟ್ಟು ಕಲಸುತ್ತ ನಿಂತರೆ ಏನಾಗುತ್ತದೆ ಎಂದು ಅವರಿಗೆ ತಿಳಿಯಲಿಲ್ಲ. ಹೊರಗೆ ಬರುವುದರೊಳಗೆ ಅಂಗಳದಲ್ಲಿ ರಂಪಣಿ ಬಿದ್ದಿತ್ತು. ಚಾಪೆಯೇ ಬಲೆ. ಎಣಿಕೆ ಕಲಿಸಲು ಇಟ್ಟಿದ್ದ ಬಳಚಿನ ಚಿಪ್ಪುಗಳೇ ಮೀನು. ಹಗ್ಗವನ್ನು ಚಾಪೆಗೆ ಬಿಗಿದು, ಎರಡು ತುದಿಗೆ ಎರಡು ಗುಂಪು ನಿಂತು, ಐಸಾ ಐಸಾ ಎಂದು ಜಗಲಿಯ ಕಡೆಗೆ ಜಗ್ಗುತ್ತಿದ್ದೆವು. ಕೂಗಿದ್ದು ಉಳಿದವರು. ನಾನು ಸುಮ್ಮನೆ ಎಳೆಯುತ್ತಿದ್ದೆ. ಹೊಸ ನಾರು ಅಂಗೈಗೆ ಚುಚ್ಚುತ್ತಿತ್ತು, ಕೊಳೆಸಿದ ತೆಂಗಿನ ಸಿಪ್ಪೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಅಕ್ಕೋರು ಬೈಯಲಿಲ್ಲ. ಸ್ವಲ್ಪ ಹೊತ್ತು ನೋಡಿದರು, ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು. ಬಲೆಯಲ್ಲಿ ಎಂತ ಬಿದ್ದಿದೆ ಎಂದು ಕೇಳಿದರು. ಬಾಂಗಡೆ, ತಾರ್ಲೆ ಎಂದು ಹತ್ತು ಬಾಯಿ ಒಟ್ಟಿಗೇ ಹೇಳಿದವು. ದೋಣಿ ಯಾರದು, ಗಾಳಿ ಯಾವ ಕಡೆಯದು ಎಂದು ಕೇಳಿದರು. ಪಟದ ಮುಂದೆ ಹೊರಡದ ಮಾತು ಹಗ್ಗದ ಮುಂದೆ ದಬದಬನೆ ಬಂತು. ಅಕ್ಕೋರು ಕೊಂಕಣಿಯ ಶಬ್ದ ಹಿಡಿದು ಹೇಳಲು ಹೋಗಿ ತಪ್ಪುತ್ತಿದ್ದರು, ಮಕ್ಕಳು ನಗುತ್ತ ತಿದ್ದುತ್ತಿದ್ದರು.

ನಮ್ಮ ತುದಿಯಲ್ಲಿ ಚಿಕ್ಕವರೇ ಹೆಚ್ಚು. ಇನ್ನೊಂದು ತುದಿಯವರು ಜಗ್ಗಿದ್ದಕ್ಕೆ ಚಾಪೆ ಅತ್ತ ವಾಲಿ ನಾವು ಹಗ್ಗದ ಜೊತೆ ಮರಳಿನಲ್ಲಿ ಜಾರತೊಡಗಿದೆವು. ಅದನ್ನು ಕಂಡು ಅಕ್ಕ ಮರದ ಕೆಳಗಿಂದ ಓಡಿಬಂದು ನನ್ನ ಹಿಂದೆ ನಿಂತು ಹಗ್ಗ ಹಿಡಿದಳು. ಚಾಪೆ ನೆಟ್ಟಗೆ ಜಗಲಿಗೆ ಬಂತು.

ಆಮೇಲೆ ಮೀನು ಹಂಚುವ ಕೆಲಸವನ್ನು ಅಕ್ಕೋರೇ ವಹಿಸಿಕೊಂಡರು. ನಾವು ಸಾಲಾಗಿ ಕೂತು ಬೊಗಸೆ ಒಡ್ಡಿದೆವು. ನನ್ನ ಪಕ್ಕದಲ್ಲಿ ಅಕ್ಕನೂ ಕೂತು ಬೊಗಸೆ ಒಡ್ಡಿದಳು. ಅಕ್ಕೋರು ನನ್ನ ಕೈಗೆ ಚಿಪ್ಪು ಹಾಕಿ ಅವಳನ್ನು ದಾಟಿದರು.

"ನೀನು ಬಾಲವಾಡಿ ಕೂಸಲ್ಲ ಅಲ್ದಾ? ನಿಂಗೆ ಇಲ್ಲೆ" ಎಂದರು.

ಗದರಿಸಿದ್ದಲ್ಲ, ಸುಮ್ಮನೆ ಹೇಳಿದ್ದು. ಅಕ್ಕ ಬೊಗಸೆ ಬಿಚ್ಚಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎದ್ದು ಮರದ ಕಡೆಗೆ ನಡೆದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಹಗ್ಗ ಎಳೆದವರನ್ನು ಬರಿಗೈಯಲ್ಲಿ ಕಳಿಸುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಅಕ್ಕಾಚೊ ವಾಂಟೊ ಖಂಯ್?" ಎಂದು ಕೇಳಿದೆ. ಅಕ್ಕನ ಪಾಲು ಎಲ್ಲಿ ಎಂದು.

ಯಾರು ಮಾತಾಡಿದ್ದೆಂದು ಅಕ್ಕೋರಿಗೆ ತಿಳಿಯಲಿಲ್ಲ. ನಾನು ಎದ್ದು ನಿಂತು ಇನ್ನೊಮ್ಮೆ ಕೇಳಿದೆ, ಈ ಸಲ ಜೋರಾಗಿ. ಅವರ ಸೆರಗು ಹಿಡಿದು ಹಗ್ಗದ ಹತ್ತಿರ ಎಳೆದುಕೊಂಡು ಹೋಗಿ, ಅಕ್ಕ ಹಿಡಿದ ಜಾಗ ತೋರಿಸಿದೆ. ಆಮೇಲೆ ನನ್ನ ಚಿಪ್ಪುಗಳನ್ನು ಚಾಪೆಯ ಮೇಲೆ ಸುರಿದೆ. ಅದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಎದ್ದು ಬಂದು ತಮ್ಮದನ್ನು ಸುರಿದರು. ಅಕ್ಕೋರು ಕಕ್ಕಾಬಿಕ್ಕಿಯಾದರು. ಕೊನೆಗೆ ಎರಡೂ ಭಾಷೆ ಬಲ್ಲ ಅಂಗಡಿಯವರ ಮಗಳು ಬಿಡಿಸಿ ಹೇಳಿದಳು.

"ಹಗ್ಗ ಮುಟ್ದೋರಿಗೆಲ್ಲ ಪಾಲು ಕೊಡ್ಬೇಕು ಅಕ್ಕೋರೆ. ತಪ್ಪಿದ್ರೆ ಮತ್ತೆ ಹಂಚ್ಬೇಕು."

"ಆತು, ತಪ್ಪು ನಂದೇ" ಎಂದರು ಅಕ್ಕೋರು. ಆಮೇಲೆ ಅಕ್ಕನನ್ನು ಕರೆದು, ನೀನೇ ಹಂಚು ಎಂದು ಚಾಪೆಯನ್ನು ಅವಳ ಮುಂದೆ ಸರಿಸಿದರು.

ಅಕ್ಕ ಮೊಣಕಾಲೂರಿ ಕೂತು ಚಿಪ್ಪಿನ ಒಂದೊಂದು ಗುಪ್ಪೆ ಹಾಕುತ್ತ ಹೋದಳು. ಪ್ರತಿ ಗುಪ್ಪೆಗೂ ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸಿದಳು. ಇಪ್ಪತ್ತೊಂದರವರೆಗೆ ಎಲ್ಲೂ ತಡವರಿಸಲಿಲ್ಲ. ಯಾರು ಕಲಿಸಿದ್ದು ಎಂದು ಅಕ್ಕೋರು ಕೇಳಿದರು. ಅವಳು ಕಿಟಕಿಯ ಕಡೆ ನೋಡಿದಳು.

ಆ ಸಂಜೆ ಅಕ್ಕೋರು ತಾವೇ ನಮ್ಮ ಮನೆಗೆ ಬಂದರು. ಮೂಗಿಗೆ ಸೆರಗು ಹಿಡಿದಿರಲಿಲ್ಲ. ಅಂಗಳದಲ್ಲಿ ನಿಂತು ಆಯಿಗೂ ಅಪ್ಪನಿಗೂ ಒಟ್ಟಿಗೇ ಹೇಳಿದರು.

"ನಾಳೆಯಿಂದ ಇವ ಒಬ್ನೇ ಬರ್ಲಿ. ಅವಳನ್ನ ಶಾಲೆಗೆ ಕಳ್ಸಿ, ತಡ ಮಾಡಡಿ."

ಅಕ್ಕ ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು. ಮಾರನೆಯ ಬೆಳಿಗ್ಗೆ ನಾನು ಬಾಲವಾಡಿಯ ಕಿಟಕಿಯಿಂದ ನೋಡಿದರೆ ಮರದ ಕೆಳಗೆ ಯಾರೂ ಇಲ್ಲ. ಆಗ ನನಗೆ ಆದದ್ದು ಅರ್ಥವಾಯಿತು. ಅವಳಿಗೆ ಪಾಲು ಕೊಡಿಸಲು ಹೋಗಿ ನಾನು ಅವಳನ್ನೇ ಕಳೆದುಕೊಂಡಿದ್ದೆ. ಅಕ್ಕ ಬೇಕು, ಅಕ್ಕ ಬೇಕು ಎಂದು ಮಧ್ಯಾಹ್ನದವರೆಗೆ ಅತ್ತೆ. ಬೇಕು ಎನ್ನುವುದೇ ನಾನು ಆಡಿದ ಮೊದಲ ಕನ್ನಡ ಶಬ್ದ ಎಂದು ಅಕ್ಕೋರು ಮುಂದೆ ಎಷ್ಟೋ ವರ್ಷ ಕಂಡವರಿಗೆಲ್ಲ ಹೇಳುತ್ತಿದ್ದರು.

ಈಗ ನಿಮ್ಮನ್ನು ಹೊನ್ನಾವರದ ನರ್ಸರಿಗೆ ಬಿಡಲು ನಾನೇ ಬರುತ್ತೇನಲ್ಲ, ಅಲ್ಲಿ ಬಣ್ಣದ ಬ್ಲಾಕುಗಳಿವೆ, ಬೊಂಬೆಗಳ ಅಡುಗೆಮನೆ ಇದೆ. ಆಡಲೆಂದು ಮರಳನ್ನು ಟ್ರೇಯಲ್ಲಿ ತುಂಬಿಸಿಟ್ಟಿದ್ದಾರೆ, ಕಡಲು ಎರಡು ಮೈಲಿಯಲ್ಲಿರುವ ಊರಿನಲ್ಲಿ. ನೀರಿಗೆ, ಅನ್ನಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ ಎಂದು ಮಿಸ್ ಕೇಳಿ ಬರೆದುಕೊಂಡಿದ್ದಾರೆ. ನಿಮ್ಮಲ್ಲಿ ಚಿಕ್ಕವಳು ಎರಡು ತಿಂಗಳು ಅಲ್ಲಿ ತುಟಿ ಎರಡು ಮಾಡಲಿಲ್ಲ. ಆಡಿಕೊಂಡಿರಲಿ, ಮಾತು ತಾನಾಗಿ ಬರುತ್ತದೆ ಎಂದರು ಮಿಸ್. ಯಾರೂ ಎಂಟು ದಿನದ ಗಡುವು ಹಾಕಲಿಲ್ಲ. ಅದನ್ನು ಕೇಳಿ ನನಗೆ ಬಹಳ ಸಮಾಧಾನವಾಯಿತು.

ನೀವು ತಡವಾಗಿ ಮಾತಾಡಿದರೆ ಮನೆಯಲ್ಲಿ ಯಾರ ಓದೂ ನಿಲ್ಲುವುದಿಲ್ಲ. ನನ್ನನ್ನು ಸಾಕುವುದರಲ್ಲಿ ಅಕ್ಕನ ಎರಡು ವರ್ಷ ಹೋಗಿತ್ತು. ಒಂದನೇ ಇಯತ್ತೆಯಲ್ಲಿ ಅವಳು ತನ್ನ ಭುಜಕ್ಕೆ ಬರುವ ಮಕ್ಕಳ ಸಾಲಿನ ಕೊನೆಯಲ್ಲಿ ಕೂತಳು. ನಗುವವರು ನಕ್ಕರು. ಅವಳು ಏಳನೆಯವರೆಗೆ ಓದಿದಳು. ಈಗ ಅವಳಿಗೆ ಎಪ್ಪತ್ತು ದಾಟಿದೆ, ವಾರಕ್ಕೊಮ್ಮೆ ನಮ್ಮ ಮನೆಗೆ ಬರುತ್ತಾಳೆ, ನಾನು ಗಂಟೆಗಟ್ಟಲೆ ಮಾತಾಡುತ್ತೇನೆ, ಅವಳು ಕೇಳುತ್ತಾಳೆ. ಆ ಎರಡು ವರ್ಷದ ಮಾತನ್ನು ಅವಳು ಒಂದು ದಿನವೂ ನನ್ನ ಮುಂದೆ ಎತ್ತಿಲ್ಲ.