ಎಲೆ ಎತ್ತಿದವಳು

ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ನಾನು ಮೊದಲು ನೋಡುವುದು ಎಲೆ ಎತ್ತುವ ಹೆಂಗಸರನ್ನು. ಪಾಯಸ ಬಂತೋ ಇಲ್ಲವೋ ಅನ್ನುವುದೆಲ್ಲ ಆಮೇಲೆ. ಪಂಕ್ತಿಯ ಕೊನೆಯಲ್ಲಿ ಪ್ಲಾಸ್ಟಿಕ್ ಟಬ್ಬು ಹಿಡಿದುಕೊಂಡು ಯಾರಾದರೂ ಗೋಡೆ ಕಡೆಗೆ ಮುಖ ಮಾಡಿ ನಿಂತಿದ್ದರೆ ಮುಗಿಯಿತು, ಅವಳು ಇತ್ತ ತಿರುಗುವವರೆಗೂ ಎಲೆಗೆ ಕೈ ಹಾಕುವುದಿಲ್ಲ. ಆ ದಿನದ ಹೆಂಗಸೇ ಮತ್ತೆ ಬಂದಳೇನೋ ಅನ್ನಿಸುತ್ತದೆ. ಇದಕ್ಕೆಲ್ಲ ಕಾರಣ ನಾನೇ ಬಾಯಿ ಹಾಕಿ ಕಟ್ಟಿದ ಒಂದು ಪಂಥ.

ಆಗ ನಾನು ಮಂಡ್ಯದ ಗುತ್ತಲಿನಲ್ಲಿ ಸೋದರತ್ತೆಯ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದೆ. ಅತ್ತೆ ಬಸರಾಳು ಕಡೆಯ ದೊಡ್ಡ ಮನೆಯಲ್ಲಿ ಹುಟ್ಟಿದವಳು. ಅದನ್ನು ಯಾರೂ ಮರೆಯದ ಹಾಗೆ ನೋಡಿಕೊಳ್ಳುತ್ತಿದ್ದಳು. ನನಗೋ ನನ್ನ ಕತ್ತರಿಯ ಮೇಲೆ ವಿಪರೀತ ಜಂಬ. ಭುಜದ ಹತ್ತಿರ ಬಟ್ಟೆ ಸರಿಯಾಗಿ ಕೂತರೆ ಎಂಥವಳ ನಡಿಗೆಯೂ ಬದಲಾಗುತ್ತದೆ ಅಂತ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದೆ.

ನನ್ನ ಜೊತೆ ಕೆಲಸಕ್ಕೆ ಒಬ್ಬಳಿದ್ದಳು. ಇಪ್ಪತ್ತೈದರ ಆಸುಪಾಸು. ಮಳವಳ್ಳಿ ರಸ್ತೆಯ ಒಂದು ಹಳ್ಳಿಯ ಕೇರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಯಲ್ಲಿ ತಾಯಿ ಒಬ್ಬಳೇ. ಆ ತಾಯಿ ಮದುವೆ ಮಂಟಪಗಳಲ್ಲಿ ಕೂಲಿಗೆ ಹೋಗುತ್ತಾಳೆ ಅನ್ನುವುದಷ್ಟೇ ನನಗೆ ಗೊತ್ತಿತ್ತು, ಮುಖ ಕಂಡಿರಲಿಲ್ಲ. ಇವಳಿಗೆ ಕಣ್ಣಳತೆ ಎಷ್ಟು ಚೆನ್ನಾಗಿತ್ತೆಂದರೆ, ಗಿರಾಕಿ ಬಾಗಿಲು ದಾಟುವಷ್ಟರಲ್ಲಿ ತೋಳಿನ ಸುತ್ತಳತೆ ಹೇಳಿಬಿಡುತ್ತಿದ್ದಳು. ಆದರೂ ಅವಳ ಜಾಗ ಪರದೆಯ ಹಿಂದೆ. ಹುಕ್ಕು, ಕಾಜ, ಅಂಚು ಮಡಚುವುದು, ಅಷ್ಟೇ. ಮುಂದೆ ಕೂತು ಟೇಪು ಹಿಡಿಯಬೇಕು ಅನ್ನುವುದು ಅವಳ ಆಸೆ. ಅದನ್ನು ಎತ್ತಿದಾಗಲೆಲ್ಲ ಅತ್ತೆ ಮೂಗು ಮುರಿಯುತ್ತಿದ್ದಳು.

"ಅಳ್ತೆ ತಗಳಕ್ಕೆ ಮೈ ಮುಟ್ಬೇಕು ಕಣೆ. ಬರೋರೆಲ್ಲ ನಮ್ ಕಡೆಯೋರು. ಇವ್ಳ ಕೈಲಿ ಮುಟ್ಟುಸ್ಕತಾರಾ?"

"ಒಳ್ಳೆ ಸೀರೆ ಉಟ್ಕಂಡು ಕೂತ್ರೆ ಯಾರಿಗತ್ತೆ ಗೊತ್ತಾಗ್ತದೆ?" ಅಂದೆ ನಾನು.

"ಸೀರೆ ಉಟ್ಬುಟ್ರೆ ದೊಡ್ಮನೆ ಎಣ್ಣಾಗ್ಬುಡ್ತಾಳಾ? ಅದು ಹುಟ್ತಾನೆ ಬರ್ಬೇಕು. ಎಲ್ಲಾದ್ರೂ ಒಂದ್ ಕಡೆ ಗೊತ್ತಾಗೇ ಆಗ್ತದೆ."

ಮಾತಿಗೆ ಮಾತು ಬೆಳೆಯಿತು. ಮದ್ದೂರಿನಲ್ಲಿ ಅತ್ತೆಯ ನೆಂಟರ ಮದುವೆ ಹತ್ತಿರದಲ್ಲೇ ಇತ್ತು. ಅವಳನ್ನು ಸಿಂಗರಿಸಿ ಮಳವಳ್ಳಿ ಕಡೆಯ ನೆಂಟರ ಹುಡುಗಿ ಅಂತ ಕರೆದುಕೊಂಡು ಹೋಗುವುದು. ಊಟ ಮುಗಿಸಿ ಎಲೆ ಅಡಿಕೆ ತೆಗೆದುಕೊಳ್ಳುವವರೆಗೆ ಯಾರಿಗೂ ಅನುಮಾನ ಬರದಿದ್ದರೆ ಟೇಪು ಅವಳ ಕೈಗೆ. ಸಿಕ್ಕಿಬಿದ್ದರೆ ನಾನು ಆ ಮಾತನ್ನು ಮತ್ತೆ ಎತ್ತಬಾರದು. ಅತ್ತೆ ಎಷ್ಟು ಧೈರ್ಯದಲ್ಲಿದ್ದಳೆಂದರೆ, ತನ್ನದೇ ಬದನೆಕಾಯಿ ಬಣ್ಣದ ರೇಷ್ಮೆ ಸೀರೆಯನ್ನು ಬೀರುವಿನಿಂದ ತೆಗೆದುಕೊಟ್ಟಳು.

ಅವಳನ್ನು ಕೇಳಿಯೇ ಮಾಡಿದೆವು ಅಂತ ಬರೆಯಲು ಆಸೆಯಾಗುತ್ತದೆ. ಕೇಳಲಿಲ್ಲ, ಹೇಳಿದೆವು. ಅವಳು ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಗೆದ್ರೆ ದಿಟವಾಗ್ಲೂ ಟೇಪು ಕೊಡ್ತೀರಾ ಅಕ್ಕ?" ಅಂದಳು. ನಾನು ನಗುತ್ತಾ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ.

ಆ ದಿನ ಅವಳು ಮಂಟಪದ ಒಳಗೆ ನಡೆದು ಬಂದದ್ದನ್ನು ನೋಡಬೇಕಿತ್ತು. ನಾನು ಹೊಲಿದ ಬ್ಲೌಸು ಅವಳ ಬೆನ್ನಿಗೆ ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಯಾರ ಮುಂದೆಯೂ ಹಲ್ಲು ಕಿರಿಯಲಿಲ್ಲ, ಯಾರಿಗೂ ಹೆದರಲಿಲ್ಲ. ಕೇಳಿದವರಿಗೆ ಎರಡೇ ಮಾತಿನ ಉತ್ತರ. ಒಬ್ಬಾಕೆಯಂತೂ ಅತ್ತೆಯನ್ನು ಪಕ್ಕಕ್ಕೆ ಎಳೆದು, "ಈ ಎಣ್ಣು ಯಾರ ಕಡೇದವ್ವ? ನಮ್ ತಮ್ಮನ್ ಮಗ ಮದ್ವೆಗವ್ನೆ," ಅಂದಳು. ಅತ್ತೆಯ ಮುಖ ಹುಳ್ಳಗಾಯಿತು. ನಾನು ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ಊಟಕ್ಕೆ ಮೂವರೂ ಸಾಲಾಗಿ ಕೂತೆವು. ಎಲೆಗೆ ನೀರು ಚಿಮುಕಿಸುತ್ತಿದ್ದ ನಮ್ಮ ಹುಡುಗಿಯ ಕೈ ಒಂದು ಕ್ಷಣ ನಿಂತಿತು. ಪಂಕ್ತಿಯ ಕೊನೆ ಕಡೆ ನೋಡುತ್ತಿದ್ದಳು. ಅಲ್ಲಿ ನೀಲಿ ಟಬ್ಬು ಹಿಡಿದ ಒಬ್ಬ ಹೆಂಗಸು ಇದ್ದಕ್ಕಿದ್ದಂತೆ ನಮಗೆ ಬೆನ್ನು ಮಾಡಿ ಗೋಡೆ ಕಡೆಗೆ ತಿರುಗಿದಳು. ನಾನು ಅದನ್ನು ಕಂಡೆ, ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುವ ಗಡಿಬಿಡಿಯಲ್ಲಿ ಮರೆತೆ. ಇವಳು ಆಮೇಲೆ ಅಚ್ಚುಕಟ್ಟಾಗಿ ಉಂಡಳು, ಮಜ್ಜಿಗೆಯವರೆಗೂ. ಎಲ್ಲರ ಹಾಗೆ ಎಲೆಯನ್ನು ತನ್ನ ಕಡೆಗೆ ಮಡಚಿದಳು. ಗೆದ್ದೆವು ಅಂದುಕೊಂಡೆ.

ಆಗ ಅವಳು ಎದ್ದು, ಮಡಚಿದ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿದಳು.

ನಮ್ಮ ಕಡೆ ಇದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನೆಂಟರು ಎಲೆ ಬಿಟ್ಟು ಏಳುತ್ತಾರೆ. ತನ್ನ ಎಲೆಯನ್ನು ತಾನೇ ಎತ್ತಿಕೊಂಡು ಹೋಗುವವರು ದೊಡ್ಡ ಮನೆಗಳ ಹಿತ್ತಿಲಲ್ಲಿ ಕೂತು ಉಂಡವರು, ಕೇರಿಯವರು. ರೇಷ್ಮೆ ಸೀರೆಯುಟ್ಟು ಎಂಜಲೆಲೆ ಹಿಡಿದು ನಿಂತವಳನ್ನು ಎದುರು ಸಾಲಿನ ಮುದುಕಿ ತುತ್ತು ಬಿಟ್ಟು ನೋಡಿದಳು.

"ಯಾಕವ್ವ ಎಲೆ ಎತ್ದೆ? ಯಾವ್ ಮನೆಯೋಳು ನೀನು?" ಆಮೇಲೆ ನನ್ನ ಕಡೆ ತಿರುಗಿ, "ನಿಮ್ ಜೊತೆ ಬಂದೋಳಲ್ವಾ?"

ನನ್ನ ಎಲೆ ನನ್ನ ಮುಂದೆಯೇ ಇತ್ತು. ನಾನೂ ಅದನ್ನೆತ್ತಿ ಅವಳ ಹಿಂದೆ ಹೋಗಿದ್ದರೆ ಆಗಿಹೋಗುತ್ತಿತ್ತು. ನಮ್ಮ ಮನೆ ಪದ್ಧತಿ ಅಂತ ಒಂದು ಸುಳ್ಳು ಹೇಳಿದ್ದರೂ ಆಗುತ್ತಿತ್ತು. ಸಾಲಿನ ಕಣ್ಣೆಲ್ಲ ನನ್ನ ಮೇಲೆ ಬಿದ್ದಾಗ ನಾನು ನಕ್ಕೆ. "ಅಯ್ಯೋ, ನಮ್ ಅಂಗ್ಡೀಲಿ ಕೆಲ್ಸ ಮಾಡೋಳು ಕಣಮ್ಮ. ಸುಮ್ನೆ ತಮಾಸೆಗೆ ಸೀರೆ ಉಡ್ಸಿದ್ವಿ," ಅಂದೆ. ಸುತ್ತ ಕೂತವರೂ ನಕ್ಕರು. ಅವಳಿಗೆ ಕೇಳಿಸಿತು. ತಿರುಗಿ ನೋಡದೆ ಪಂಕ್ತಿಯ ಉದ್ದಕ್ಕೂ ನಡೆದು ಹೋಗಿ, ಗೋಡೆಗೆ ಮುಖ ಮಾಡಿದ್ದ ಆ ಹೆಂಗಸಿನ ಟಬ್ಬಿನಲ್ಲಿ ಎಲೆ ಹಾಕಿ ಕೈ ತೊಳೆಯಲು ಹೋದಳು.

"ನೋಡ್ದಾ?" ಅಂದಳು ಅತ್ತೆ. ಅಷ್ಟೇ ಅಂದಳು.

ಮೂರನೆಯ ದಿನ ಅವಳು ಸೀರೆ ಇಸ್ತ್ರಿ ಮಾಡಿಸಿ ತಂದಳು. ಅತ್ತೆ ಮನೆಯಲ್ಲಿರಲಿಲ್ಲ. ನಾನು ಸುಮ್ಮನಿರಬಹುದಿತ್ತು; ಸೋತ ಸಿಟ್ಟು, ಬಾಯಿ ಸುಮ್ಮನಿರಲಿಲ್ಲ. "ಅಷ್ಟೆಲ್ಲ ಮಾಡಿ ಒಂದ್ ಎಲೆ ಬುಟ್ಟು ಬರಕ್ಕಾಗ್ಲಿಲ್ವಾ ನಿಂಗೆ? ಮರ್ತೋಯ್ತಾ?"

"ಮರೀಲಿಲ್ಲ ಅಕ್ಕ," ಅಂದಳು. "ಟಬ್ಬು ಇಡ್ಕಂಡ್ ನಿಂತಿದ್ದೋಳು ನಮ್ಮವ್ವ. ಯಾವತ್ತೂ ಮಳವಳ್ಳಿ ಕಡೀಕೆ ಓಗೋಳು, ಅವತ್ತು ಮೇಸ್ತ್ರಿ ಮದ್ದೂರಿಗೆ ಆಕ್ಬುಟ್ಟಿದ್ದ. ಪಂತದ ಇಸ್ಯ ಅವ್ಳಿಗೆ ಗೊತ್ತಿತ್ತು. ನಾನ್ ಗೆಲ್ಲಲಿ ಅಂತ ಗುರ್ತೇ ಇಲ್ದಂಗೆ ಗೋಡೆ ಕಡೆ ತಿರಿಕ್ಕಂಡ್ಳು. ನನ್ ಎಂಜಲೆಲೇನೂ ಅವ್ಳ ಕೈಲೇ ಎತ್ತುಸ್ಲಾ ಅಕ್ಕ?"

ಟೇಪು ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಅದರ ಕಡೆ ಅವಳು ಒಮ್ಮೆ ನೋಡಿ, ಸೀರೆಯನ್ನು ಮೇಜಿನ ಮೇಲಿಟ್ಟು, ತನ್ನ ಬೆರಳುಗವಸನ್ನೂ ಸೂಜಿ ಡಬ್ಬಿಯನ್ನೂ ಪರದೆಯ ಹಿಂದಿನಿಂದ ತೆಗೆದುಕೊಂಡು ಹೋದಳು. ಮತ್ತೆ ಬರಲಿಲ್ಲ.

ಅತ್ತೆಗೆ ನಾನು ಇದನ್ನು ಹೇಳಲೇ ಇಲ್ಲ. ಹೇಳಿದ್ದರೆ ಕರಗುತ್ತಿದ್ದಳೇನೋ, ತಾಯಿಯ ಮಾತು ಬಂದರೆ ಅವಳ ಕಣ್ಣು ಒದ್ದೆಯಾಗುತ್ತಿತ್ತು. ಆದರೆ ಅದನ್ನು ಹೇಳಬೇಕಾದರೆ ನಾನು ಪಂಕ್ತಿಯಲ್ಲಿ ನಕ್ಕದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು. ಕೆಲವು ವರ್ಷಗಳ ಮೇಲೆ ಅತ್ತೆ ಪಂಥ ಗೆದ್ದ ಖುಷಿಯಲ್ಲೇ ತೀರಿಕೊಂಡಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಒಂದು ಕಡೆ ಗೊತ್ತಾಗೇ ಆಗುತ್ತದೆ. ಆ ಸಾಲಿನಲ್ಲಿ ಗೊತ್ತಾದದ್ದು ಯಾರ ಹುಟ್ಟು ಅನ್ನುವುದನ್ನು ಮಾತ್ರ ಅವಳು ತಿಳಿಯದೆ ಹೋದಳು. ಬದನೆಕಾಯಿ ಬಣ್ಣದ ಸೀರೆ ಈಗ ನನ್ನ ಬೀರುವಿನಲ್ಲಿದೆ. ಒಮ್ಮೆಯೂ ಉಟ್ಟಿಲ್ಲ, ಯಾರಿಗೂ ಕೊಟ್ಟಿಲ್ಲ. ಬೀರು ತೆರೆದಾಗ ಅದರ ಮಡಿಕೆಯ ಮೇಲೆ ಕಣ್ಣು ಬೀಳದ ಹಾಗೆ ಒಂದು ಹಳೆಯ ಟವೆಲ್ಲು ಮುಚ್ಚಿದ್ದೇನೆ.

ಹೋದ ತಿಂಗಳು ಮಂಡ್ಯದಲ್ಲಿ ಒಂದು ಮದುವೆ. ಊಟ ಮುಗಿಸಿ ಎಲೆ ಮಡಚಿದೆ. ಈ ಸಲ ಎತ್ತಿಯೇ ಬಿಡುತ್ತೇನೆ ಅಂತ ಎರಡೂ ಕೈಗಳನ್ನು ಅದರ ಅಡಿಗೆ ಹಾಕಿದೆ. ಟಬ್ಬು ಹಿಡಿದು ಬರುತ್ತಿದ್ದ ವಯಸ್ಸಾದ ಹೆಂಗಸು ಗಾಬರಿಯಾಗಿ, "ಬುಡಿ ಅಮ್ಮ, ನೀವ್ಯಾಕೆ ಎತ್ತೀರಿ, ನಾವಿಲ್ವಾ?" ಅಂದಳು. ಎದುರು ಸಾಲಿನವರು ತಲೆ ಎತ್ತಿ ನನ್ನನ್ನು ನೋಡಿದರು.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ನನ್ನ ಎಲೆಯನ್ನು ಎತ್ತಿ ಟಬ್ಬಿಗೆ ಹಾಕಿಕೊಂಡು ಪಕ್ಕದ ಎಲೆಗೆ ಹೋದಳು.