ಬಿಲ್ಲೆಯ ಬೆನ್ನು

ಬಲ್ಲಾರಟ್‌ನ ಭಾನುವಾರದ ಸಂತೆಯಲ್ಲಿ ಹಳೆಯ ಸೈನಿಕರ ಟೋಪಿಬಿಲ್ಲೆಗಳನ್ನು ಮಾರುತ್ತಿದ್ದ ನನ್ನ ಗೆಳೆಯ ಡೆಸ್ಮಂಡ್ ಹಾರ್ಕ್‌ನೆಸ್, ಕೈಗೆ ಬಂದ ಯಾವ ಬಿಲ್ಲೆಯನ್ನೂ ಮೊದಲು ಮಗುಚಿ ಬೆನ್ನು ನೋಡುತ್ತಿದ್ದ. ಮದುವೆಯೂಟಕ್ಕೆ ಹೋದರೆ ತಟ್ಟೆಯನ್ನೂ ಮಗುಚಿ ನೋಡಿಯೇ ಕೂರುತ್ತಿದ್ದ. "ಅಸಲಿ ಬಿಲ್ಲೆ ಅಚ್ಚೊತ್ತಿದ್ದು, ಮುಂದಿನ ಉಬ್ಬು ಹಿಂದೆ ತಗ್ಗಾಗಿರತ್ತೆ. ಇದು ಎರಕ ಹುಯ್ದಿದ್ದು, ಬೆನ್ನೆಲ್ಲ ಸಿಡುಬಿನ ಕಲೆ. ನಿಮ್ಮಜ್ಜ ಯುದ್ಧಕ್ಕೆ ಹೋಗಿದ್ರೋ, ಆಟಿಕೆ ಅಂಗಡಿಗೋ?" ಎಂದು ಗಿರಾಕಿಗಳ ಮುಖ ಬಾಡಿಸುತ್ತಿದ್ದ. "ಸ್ವಲ್ಪ ಮೆತ್ತಗೆ ಹೇಳೋ ಮಾರಾಯ" ಎಂದರೆ, "ನಕಲಿಗೆ ನಾನು ಹಾಸಿಗೆ ಹಾಸಲ್ಲ ಕಣೋ" ಎನ್ನುತ್ತಿದ್ದ. ಹೋದ ವಾರ ಆಸ್ಪತ್ರೆಯಲ್ಲಿ ಮಲಗಿದ್ದವನು, ದಿಂಬಿನಡಿಯಿಂದ ಒಂದು ಬಿಲ್ಲೆ ತೆಗೆದು ನನ್ನ ಕೈಗಿಟ್ಟ. ನ್ಯೂಗಿನಿಯ ಯುದ್ಧದಿಂದ ಮರಳದ ಅವನಪ್ಪನದೆಂದು ಯಾರೋ ಅವನ ತಾಯಿಗೆ ತಂದುಕೊಟ್ಟಿದ್ದು. ಆಕೆ ಸಾಯುವವರೆಗೂ ದಿನಾ ಬೆಳಿಗ್ಗೆ ಉಜ್ಜಿ ಉಜ್ಜಿ, ಅದರ ಮೇಲೆ ಮೂಡಿಸಿದ್ದ ಸೂರ್ಯನ ಕಿರಣಗಳೆಲ್ಲ ನುಣ್ಣಗಾಗಿದ್ದವು. ಅವನಿಂದ ಕಲಿತ ಚಾಳಿ, ನಾನೂ ಮಗುಚಿದೆ. ಬೆನ್ನೆಲ್ಲ ಎರಕದ ಕಲೆ. "ಹುಡುಗನಾಗಿದ್ದಾಗ್ಲೇ ಗೊತ್ತಾಯ್ತು. ಅಮ್ಮಂಗೆ ಹೇಳ್ಲಿಲ್ಲ," ಎಂದ. "ಅಪ್ಪಂದು ಅಂತ ನನ್ ಹತ್ರ ಏನೂ ಇಲ್ಲ ಕಣೋ. ಇದು ಅಮ್ಮಂದು. ಹೆಣದ ಪೆಟ್ಟಿಗೆ ಮುಚ್ಚೋ ಮುಂಚೆ ನನ್ ಕೋಟಿಗೆ ಸಿಕ್ಕಿಸು." ನಿನ್ನೆ ಸಿಕ್ಕಿಸಿದೆ.