ಒತ್ತಿದ ಕೈಗಳನ್ನು ನಾನು ಬರೆಯಲಿಲ್ಲ

ಒಬ್ಬ ಮನುಷ್ಯನ ಜೀವ ಉಳಿಸಲು ರತ್ನಮ್ಮ ಮಾಡಿದ್ದನ್ನು ನಾನು ಬರೆಯಲಿಲ್ಲ. ಯಾರೂ ಏನೂ ಮಾಡಲಿಲ್ಲ ಎಂದೇ ಬರೆದೆ — ಗೊತ್ತಿದ್ದೂ ಬರೆದೆ.

ನನ್ನ ಕೆಲಸವೇ ಬರೆಯುವುದು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಆಸ್ಪತ್ರೆ ತಲುಪುವ ಮೊದಲೇ ಯಾರದಾದರೂ ಹೃದಯ ನಿಂತುಹೋದರೆ, ಕೆಲವು ದಿನ ಬಿಟ್ಟು ಅವರ ಮನೆಗೆ ಹೋಗುತ್ತೇನೆ. ಎಲ್ಲಿ ಬಿದ್ದರು, ಯಾರು ನೋಡಿದರು, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು — ಕೇಳಿ ಫಾರಂ ತುಂಬುತ್ತೇನೆ. ಇಂಥವನ್ನೆಲ್ಲ ಒಂದು ಕಡೆ ಸೇರಿಸಿದರೆ ಮುಂದೆ ಬೀಳುವವರನ್ನಾದರೂ ಉಳಿಸುವ ದಾರಿ ತಿಳಿದೀತು ಎಂಬುದು ಈ ದಾಖಲೆ ಇಡುವ ನಮ್ಮ ಕಚೇರಿಯ ಆಸೆ. ಫಾರಂನಲ್ಲೊಂದು ಪ್ರಶ್ನೆ: ನಿಂತ ಹೃದಯ ಮತ್ತೆ ಬಡಿಯಲೆಂದು ಹತ್ತಿರವಿದ್ದವರು ಯಾರಾದರೂ ಎದೆ ಒತ್ತಿದರೇ? ಹೋದ ಮನೆಯಲ್ಲೆಲ್ಲ 'ಇಲ್ಲ'. ನೀರು ಚಿಮುಕಿಸಿದ್ದರು, ಅಂಗಾಲು ತಿಕ್ಕಿದ್ದರು, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಿದ್ದರು — ಎದೆ ಒತ್ತಿದವರಿರಲಿಲ್ಲ. ಒಂದೇ ಒಂದು 'ಹೌದು' ಎಲ್ಲಿ ಸಿಗಬಹುದು, ಒತ್ತಿದ ಆ ಕೈ ಯಾರದಿದ್ದೀತು — ಈ ಕುತೂಹಲ ನನಗೆ ಹುಚ್ಚಿನಂತೆ ಹತ್ತಿತ್ತು.

ಸಿಕ್ಕಿತು, ಚಿಕ್ಕಯ್ಯನಛತ್ರದಲ್ಲಿ. ಗೊಬ್ಬರದ ಅಂಗಡಿಯ ಮಹದೇವಪ್ಪ ಬೆಳಿಗ್ಗೆ ಬಸ್‌ಸ್ಟಾಪಿನ ಹತ್ತಿರ ಕುಸಿದಿದ್ದರು. ಕಾರ್ಖಾನೆಯ ಬಸ್ಸಿಗೆ ಕಾಯುತ್ತಿದ್ದ ರತ್ನಮ್ಮ ಓಡಿಬಂದು, ಕೆಲಸದ ಜಾಗದಲ್ಲಿ ಪ್ಲಾಸ್ಟಿಕ್ ಬೊಂಬೆಯ ಮೇಲೆ ಕಲಿತಿದ್ದಂತೆ ಎದೆ ಒತ್ತಿದ್ದರು, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟಿದ್ದರು — ಆಂಬುಲೆನ್ಸ್ ಬರುವವರೆಗೂ. ಮಹದೇವಪ್ಪ ಉಳಿಯಲಿಲ್ಲ.

ಇಷ್ಟನ್ನೂ ಹೇಳಿದವರು ಮಹದೇವಪ್ಪನವರ ಅಣ್ಣ. ಹೇಳಿ, ದನಿ ತಗ್ಗಿಸಿದರು.

"ಆ ಕೇರಿಯೋಳು ಬಾಯಿಗೆ ಬಾಯಿ ಇಟ್ಳು ಅಂತೆಲ್ಲ ಬರೀಬ್ಯಾಡ ಕಣವ್ವ. ನೀನೂ ನಮ್ಮೋಳೇ ಅಲ್ವಾ?"

ಹೌದು — ಅವರೂ ನಾನೂ ಲಿಂಗಾಯತರು, ರತ್ನಮ್ಮ ದಲಿತರು. ಒತ್ತಿದವರ ಹೆಸರನ್ನಾಗಲಿ ಜಾತಿಯನ್ನಾಗಲಿ ಆ ಫಾರಂ ಕೇಳುವುದೇ ಇಲ್ಲ. ಹಾಗೆಂದು ಹೇಳಬಹುದಿತ್ತು. ಹೇಳದೆ, ಅವರೆದುರೇ 'ಇಲ್ಲ' ಎಂದು ಗುರುತು ಹಾಕಿದೆ.

ಕುತೂಹಲ ಮಾತ್ರ ಬಿಡಲಿಲ್ಲ. ಅಲ್ಲಿಂದ ನೇರ ರತ್ನಮ್ಮನ ಮನೆಗೆ ಹೋದೆ. ಕೈ ಎಲ್ಲಿಟ್ಟಿರಿ, ಎಷ್ಟು ಆಳಕ್ಕೆ ಒತ್ತಿದಿರಿ, ಭಯವಾಗಲಿಲ್ಲವೇ — ಕೇಳುತ್ತಲೇ ಇದ್ದೆ. ಅವರು ನೆಲದ ಮೇಲೆ ದಿಂಬಿಟ್ಟು ಒತ್ತಿ ತೋರಿಸಿದರು. ಆಮೇಲೆ ಅವರೊಂದು ಕೇಳಿದರು.

"ಒತ್ತುವಾಗ ಒಳಗೆ ಮೂಳೆ ಲಟಕ್ ಅಂತು ಮೇಡಂ. ನಾನೇ ಸಾಯಿಸ್ಬುಟ್ನಾ?"

ಸರಿಯಾಗಿ ಒತ್ತಿದಾಗಲೂ ಪಕ್ಕೆಲುಬು ಮುರಿಯುವುದುಂಟು. ಮಹದೇವಪ್ಪನವರ ಹೃದಯವಂತೂ ಅದಕ್ಕೂ ಮೊದಲೇ ನಿಂತಿತ್ತು. ನನಗೆ ಗೊತ್ತಿತ್ತು. ಆದರೆ 'ನೀವು ಮಾಡಿದ್ದು ಸರಿ' ಎಂದು ಬಾಯಿಬಿಟ್ಟರೆ, ನನ್ನ ಚೀಲದಲ್ಲಿದ್ದ ಹಾಳೆ ಸುಳ್ಳೆಂದು ಒಪ್ಪಿದಂತಾಗುತ್ತಿತ್ತು. "ಡಾಕ್ಟರನ್ನ ಕೇಳಿ ಹೇಳ್ತೀನಿ" ಎಂದು ಎದ್ದುಬಿಟ್ಟೆ. ಮತ್ತೆ ಆ ಕಡೆ ಹೋಗಲಿಲ್ಲ.

ಎರಡು ವರ್ಷ ಕಳೆಯಿತು. ಹೋದ ತಿಂಗಳು ನರಸೀಪುರದ ಒಂದು ಮನೆಗೆ ಹೋದೆ. ಯಜಮಾನರು ಟಿವಿ ನೋಡುತ್ತಾ ಕೂತಲ್ಲೇ ಕುಸಿದು ತೀರಿಕೊಂಡಿದ್ದರು. ಅವರ ಹೆಂಡತಿಯ ಪಕ್ಕದಲ್ಲಿ, ಗೋಡೆಗೊರಗಿ, ರತ್ನಮ್ಮ. ತೀರಿಹೋದವರು ರತ್ನಮ್ಮನ ಅಕ್ಕನ ಗಂಡ. ಅವರು ಕುಸಿದಾಗ ರತ್ನಮ್ಮ ಅಲ್ಲೇ ಇದ್ದರು.

ಎದೆ ಒತ್ತಿದರೇ ಎಂದು ನಾನಿನ್ನೂ ಕೇಳಿರಲಿಲ್ಲ. ಅವರೇ ಹೇಳಿದರು.

"ಕೈ ಮುಂದಕ್ಕೆ ಬರ್ನಿಲ್ಲ ಮೇಡಂ. ಇನ್ನೊಬ್ರನ್ನೂ ಸಾಯಿಸ್ಬಾರ್ದು ಅಂತ ನಿಂತ್ಕಂಡ್ಬುಟ್ಟೆ."

ಒತ್ತಿದ್ದರೆ ಆ ಮನುಷ್ಯ ಬದುಕುತ್ತಿದ್ದರೇ? ಗೊತ್ತಿಲ್ಲ, ಎಂದಿಗೂ ಗೊತ್ತಾಗದು. ಅವರಿಗಿದ್ದ ಒಂದು ಅವಕಾಶವನ್ನು ಕಿತ್ತುಕೊಂಡವಳು ನಾನು. ಅಕ್ಕತಂಗಿ ಇಬ್ಬರ ಎದುರೂ ಎಲ್ಲ ಹೇಳಿದೆ — ಮೂಳೆಯ ವಿಷಯ, ಆ ಅಣ್ಣನ ಮಾತು, ನಾನು ಹಾಕಿದ ಗುರುತು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ರತ್ನಮ್ಮ ನನ್ನತ್ತ ತಿರುಗಿ ಕೇಳಿದರು.

"ಅವತ್ತೇ ಹೇಳಕ್ಕೆ ಏನಾಗಿತ್ತು ನಿಮ್ಗೆ?"

ಏನೂ ಆಗಿರಲಿಲ್ಲ.

ಮರುದಿನ ಕಚೇರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಕೆಲಸ ಉಳಿಯುತ್ತದೋ ಇಲ್ಲವೋ. ಮಹದೇವಪ್ಪನವರ ಅಣ್ಣನಿಗೂ ಹೋಗಿ ತಿಳಿಸಿದೆ. ಅವರು ಒಳಗೆ ಕರೆಯಲಿಲ್ಲ. ಈಗ ಇನ್ನೊಂದು ಪ್ರಶ್ನೆ ಕಾಡುತ್ತಿದೆ — ಉಳಿದ ಮನೆಗಳಲ್ಲಿ ನಾನು ಬರೆದುಕೊಂಡು ಬಂದ 'ಇಲ್ಲ'ಗಳ ಹಿಂದೆ ಒತ್ತಿಯೂ ಹೇಳಲಾಗದವರು, ಒತ್ತಲು ಹೆದರಿ ನಿಂತವರು ಎಷ್ಟು ಜನರಿದ್ದರೋ... ಕೆಲಸವಿರಲಿ, ಹೋಗಲಿ, ಆ ಮನೆಗಳಿಗೆ ಮತ್ತೆ ಹೋಗುತ್ತೇನೆ. ನಾಳೆ ಹೆಮ್ಮರಗಾಲ ಊರಿನ ಒಂದು ಮನೆ. ಈ ಸಲ ಪೆನ್ನು ತೆಗೆಯುವುದು ಅವರು ಹೇಳಿ ಮುಗಿಸಿದ ಮೇಲೆ.